ರಾತ್ರಿ ಪಾಳಿ ಕಂಪ್ಯೂಟರ್

ಮನೆ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ವಿಜ್ಞಾನಿಗಳ ಲೆಕ್ಕಕ್ಕೆ ಕೊಡೋ ಈ ಬೋಯಿಂಕ್ ಅನ್ನೋ ತಂತ್ರಾಂಶ ಹಾಕಿಕೊಳ್ಳೋದು ದೊಡ್ಡ ಮಾತೇನಲ್ಲ ಬಿಡಿ. ಇಳಿಸಿಕೊಂಡು, ಕೇಳಿದ್ದಕ್ಕೆಲ್ಲ ಹೂಂ ಅಂದು, ಪಟ್ಟಿಯಲ್ಲಿ ಒಂದು ಪ್ರಾಜೆಕ್ಟ್ ಆರಿಸಿ, ಈಮೇಲು ಪಾಸ್‌ವರ್ಡು ಕೊಟ್ಟರೆ ಆಯ್ತು. ಕಷ್ಟ ಇರೋದು ಮನೆಯವರಿಗೆ ತಿಳಿಸಿ ಹೇಳೋದರಲ್ಲಿ. ರಾತ್ರಿ ಹನ್ನೊಂದಕ್ಕೆ, ಮುಂದೆ ನರಪಿಳ್ಳೆ ಇಲ್ಲದಿದ್ದರೂ ಡಬ್ಬ ಗುಂಯ್ ಅಂತಿದ್ರೆ ಯಾರಾದರೂ ಕೇಳೇ ಕೇಳ್ತಾರೆ, "ಏನ್ ಮಾಡಾಕತ್ತೈತಿ ಅದು?" ಅಂತ. "ನಕ್ಷತ್ರ ಹುಡುಕಾಕತ್ತೈತಿ" ಅಂದ್ರೆ ನಮ್ಮ ಮುಖವನ್ನೇ ಒಂಥರಾ ನೋಡ್ತಾರೆ. ಮುಂದಿನ ಪ್ರಶ್ನೆ, "ಪಗಾರ ಎಷ್ಟು ಕೊಡ್ತಾರ?" ಪಗಾರ ಎಲ್ಲಿಂದ ಬರಬೇಕು, ಅಂಕ ಕೊಡ್ತಾರೆ. ಲಕ್ಷ ಅಂಕ ಕೂಡಿಸಿಟ್ಟರೂ ಆದೋನಿ ಸ್ಟೇಷನ್ ಹತ್ತಿರ ಒಂದು ಪ್ಲೇಟು ಒಗ್ಗರಣಿ-ಮಿರ್ಚಿ ಕೊಡೋರಿಲ್ಲ, ಅಲ್ವಾ?

ನಮ್ಮ ಅತ್ತೆಗೆ ನಾನು ಶೇಂಗಾ ಲೆಕ್ಕದಲ್ಲಿ ಹೇಳಿದೆ. ಮುಂಗಾರು ಹತ್ತಿರ ಬಂತು ಅಂದ್ರೆ ಬಿತ್ತನೆಗೆ ಬೀಜ ಬೇಕಲ್ಲ, ಮಿಷನ್ನಿಗೆ ಹಾಕಿದರೆ ಬೇಳೆ ಒಡೆದು ಹೋಗುತ್ತೆ. ಅದಕ್ಕೇ ರೈತರು ಕಾಯಿಯನ್ನು ಓಣಿಯ ಮನೆಮನೆಗೆ ಅಳೆದು ಕೊಟ್ಟು ಹೋಗೋರು. ಸಂಜೆ ಕಟ್ಟೆ ಮೇಲೆ ಕೂತು ಸುಲಿಯೋದು, ಬೆರಳ ತುದಿ ಚುರುಗುಟ್ಟಿದರೆ ಕಾಯಿಗೆ ಚೂರು ನೀರು ಚಿಮುಕಿಸೋದು. ಹುಡುಗರ ಬಾಯಿಗೆ ಹೋದದ್ದರ ಲೆಕ್ಕ ಬೇರೆ! ಬೀಜ ತಿರುಗಿ ಅಳೆಯುವಾಗ ಕಾಯಿ ಕೊಟ್ಟ ಗೌಡರ ಕಣ್ಣು ಸೇರಿನ ಮೇಲೆ ಅರ್ಧ, ನಮ್ಮ ಗಲ್ಲದ ಮೇಲೆ ಅರ್ಧ. ಎಲ್ಲಿದ್ದೆ? ಹಾಂ, ಬೋಯಿಂಕ್‌ನವರೂ ಹಾಗೇ. ದೊಡ್ಡ ಲೆಕ್ಕವನ್ನು ಚೂರು ಮಾಡಿ ಮನೆಮನೆಗೆ ಕಳಿಸ್ತಾರೆ, ಇಂಥ ತಾರೀಖಿನೊಳಗೆ ತಿರುಗಿಸು ಅಂತಾರೆ. ನಂಬಿಕೆ ಅಷ್ಟಕ್ಕಷ್ಟೇ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಒಂದೇ ಚೂರನ್ನು ಎರಡು ಮನೆಗೆ ಕೊಟ್ಟು ಉತ್ತರ ತಾಳೆ ನೋಡ್ತಾರೆ.

ಆ ತಾಳೆ ನೋಡೋ ಪದ್ಧತಿಯಿಂದ 2010ರಲ್ಲಿ ಒಂದು ತಮಾಷೆಯೇ ಆಯ್ತು. ಐನ್‌ಸ್ಟೈನ್ ಅಟ್ ಹೋಮ್ ಅನ್ನೋ ಬೋಯಿಂಕ್ ಪ್ರಾಜೆಕ್ಟಿನಲ್ಲಿ ಒಂದು ಪಲ್ಸಾರ್ ಸಿಕ್ತು, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗೋ ನಕ್ಷತ್ರ. ಸಿಕ್ಕಿದ್ದು ಯಾರಿಗೆ? ಅಮೆರಿಕದ ಅಯೋವಾದಲ್ಲಿ ಗಂಡ-ಹೆಂಡತಿ ಇಬ್ಬರ ಕಂಪ್ಯೂಟರಿಗೆ. ಅದೇ ಚೂರನ್ನು ಸುಲಿದದ್ದು ಜರ್ಮನಿಯ ಮೈನ್ಸ್‌ನಲ್ಲಿದ್ದ ಇನ್ನೊಬ್ಬರ ಕಂಪ್ಯೂಟರು. ಎರಡೂ ಕಡೆಯವರಿಗೆ ಹೆಸರು ಬಂತು. ಮನೆಯ ಕಂಪ್ಯೂಟರ್ ನಕ್ಷತ್ರ ಹಿಡಿದಿದೆ ಅಂತ ಆಮೇಲೆ ಯಾರೋ ಹೇಳಿ ಗೊತ್ತಾಗೋದು ಅಂದ್ರೆ ಹೇಗಿರಬೇಡ, ಹೇಳಿ!

ಅನ್ಯಲೋಕದವರನ್ನು ಹುಡುಕೋ ಸೆಟಿ ಅಟ್ ಹೋಮ್ ಮಾತ್ರ ಈಗ ಕೇಳಬೇಡಿ. ಬರ್ಕ್ಲಿಯವರು 1999ರಲ್ಲಿ ಶುರು ಮಾಡಿದ್ದು. ಒಂದು ಚೂರು ಅಂದ್ರೆ ಆಕಾಶದ ಬರೀ 107 ಸೆಕೆಂಡಿನ ರೇಡಿಯೋ ಸದ್ದು, ಅಷ್ಟಕ್ಕೇ ಆಗಿನ ಪೆಂಟಿಯಂಗಳು ಗಂಟೆಗಟ್ಟಲೆ ತಿಣುಕ್ತಿದ್ವು. ಬಣ್ಣಬಣ್ಣದ ಗುಡ್ಡ ಎದ್ದೇಳೋ ಆ ಸ್ಕ್ರೀನ್‌ಸೇವರ್ ನೋಡೋಕೇ ಹಾಕಿಕೊಂಡವರಿದ್ದರು. 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಕಳಿಸೋದು ನಿಲ್ಲಿಸಿದರು. ಆ ಸದ್ದು ಹಿಡೀತಿದ್ದ ಅರೆಸಿಬೋ ದೂರದರ್ಶಕವೂ ಅದೇ ವರ್ಷ ಡಿಸೆಂಬರ್ 1ಕ್ಕೆ ಕುಸಿದು ಬಿತ್ತು. ಅನ್ಯಲೋಕದವರು ಇನ್ನೂ ತುಟಿ ಬಿಚ್ಚಿಲ್ಲ.

ಇನ್ನು ನಮ್ಮ ಊರಿನ ವಿಚಾರ. ಬೋಯಿಂಕನ್ನು ಅದರ ಪಾಡಿಗೆ ಬಿಟ್ಟರೆ ಪ್ರೊಸೆಸರಿನ ಅಷ್ಟೂ ಕೋರನ್ನು ಬಾಚಿಕೊಳ್ಳೋ ಬಕಾಸುರ. ಸೆಟ್ಟಿಂಗ್ಸ್‌ಗೆ ಹೋಗಿ ಅರ್ಧಕ್ಕೆ ಇಳಿಸಿ. ನೀವು ಕೂತಾಗ ಅದು ಸುಮ್ಮನಿರಲಿ ಅಂತ ಒಂದು ಟಿಕ್ಕು. ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತು ಅಂತ ಪಾಳಿ ಹಾಕೋ ಜಾಗವೂ ಇದೆ, ಮಿಲ್ಲಿನವರ ಹಾಗೆ ರಾತ್ರಿ ಪಾಳಿಗೆ ಹಾಕಿಬಿಡಿ. ಕರೆಂಟ್ ಹೋದರೆ ಹೆದರಬೇಡಿ, ಆಗಾಗ ಎಲ್ಲಿಯವರೆಗೆ ಬಂದೆ ಅಂತ ಬರೆದಿಟ್ಟುಕೊಳ್ಳುತ್ತೆ, ಬಂದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತೆ. ಆದರೆ 100 ವ್ಯಾಟ್ ಜಾಸ್ತಿ ಎಳೆದರೆ ಹತ್ತು ಗಂಟೆಗೆ ಒಂದು ಯೂನಿಟ್, ದಿನಾ ಹೀಗೇ ಓಡಿದರೆ ತಿಂಗಳಿಗೆ 30. ಸ್ಲ್ಯಾಬು ದಾಟಿದ ಬಿಲ್ಲು ಮನೆಗೆ ಬಂದ ದಿನ ನಕ್ಷತ್ರದ ಮಾತು ಎತ್ತದಿರೋದು ಕ್ಷೇಮ.

ಅದಕ್ಕಿಂತ ದೊಡ್ಡ ಪೀಡೆ ಹತ್ತಿ. ದಸರಾ ಆಗಿ ಮಾರ್ಕೆಟ್ ಯಾರ್ಡಿಗೆ ಹತ್ತಿ ಬರೋಕೆ ಶುರುವಾದರೆ ಜಿನ್ನಿಂಗ್ ಮಿಲ್ಲುಗಳ ಅರಳೆ ಗಾಳಿಯಲ್ಲೇ ತೇಲ್ತಿರುತ್ತೆ. ಕಿಟಕಿ ಸರಳಿಗೆ ಅಂಟಿದ್ದು ಕಾಣುತ್ತೆ, ಕ್ಯಾಬಿನೆಟ್ ಒಳಗಿನದು ಕಾಣಲ್ಲ. ನಮ್ಮದರ ಪಕ್ಕದ ತಗಡು ಬಿಚ್ಚಿದಾಗ ಫ್ಯಾನಿನ ರೆಕ್ಕೆಗೆ ಸುತ್ತಿದ್ದ ಅರಳೆಯನ್ನು ಅತ್ತೆ ಬಿಡಿಸಿ ತಗೊಂಡರು. ದೇವರ ಮನೆಗೆ ಬತ್ತಿ ಹೊಸೀತೀನಿ ಅಂದರು. ಧೂಳು ಕಂಡು ಸುಮ್ಮನಾದರು.

ನನ್ನನ್ನು ಕೇಳಿದರೆ, ನಮ್ಮ ಬಿಸಿಲಿಗೆ ಏಪ್ರಿಲ್-ಮೇ ಎರಡು ತಿಂಗಳು ಇದರ ಗೊಡವೆಯೇ ಬೇಡ. ದೀಪಾವಳಿ ಕಳೀಲಿ, ಡೆಸ್ಕ್‌ಟಾಪಿನ ಧೂಳು ಊದಿಸಿ ಇಡಿ, ನಾನೇ ಬಂದು ಹಾಕಿಕೊಡ್ತೀನಿ. ಹಳೇ ಲ್ಯಾಪ್‌ಟಾಪ್ ಮಾತ್ರ ತೋರಿಸಬೇಡಿ, ಅದರ ಫ್ಯಾನು ಈ ಕೆಲಸಕ್ಕೆ ತಡೆಯಲ್ಲ.