ಎಲಿ ನೋಡೂ ಟ್ರಿಪ್ಪಿನ ಯಜಮಾನ

ನವಲಗುಂದ, ಅಣ್ಣಿಗೇರಿ ಕಡೆಯ ಎರೆನೆಲದ ಹಳ್ಳಿಗಳಲ್ಲಿ ಊರಿಗೊಬ್ಬನಾದರೂ ಟ್ರಿಪ್ಪಿನ ಯಜಮಾನ ಇರುತ್ತಾನೆ. ಗೊಬ್ಬರದಂಗಡಿ, ಹೈಸ್ಕೂಲು, ಸೊಸೈಟಿ ಎಂದು ಎಲ್ಲಿಯಾದರೂ ಒಂದು ಕುರ್ಚಿಯ ಕೆಲಸ, ಅದರ ಬೆನ್ನಿಗೆ ನಾಲ್ಕಾರು ಎಕರೆ ಹೊಲ. ದಸರೆಯ ಹೊತ್ತಿಗೆ ಅಮೆರಿಕದಲ್ಲಿರುವ ಯಾರದೋ ಅಳಿಯ ವರ್ಮಾಂಟಿನ ಮೇಪಲ್ ಮರದ ಕೆಳಗೆ ನಿಂತು ತೆಗೆಸಿಕೊಂಡ ಫೋಟೊ ಊರ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ಮರವೆಲ್ಲ ಕುಂಕುಮ, ನೆಲವೆಲ್ಲ ಅರಿಸಿನ. ಯಜಮಾನ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ‘ಇದಕ್ಯಾಕ ಅಮೆರಿಕಾ? ನಮ್ಮ ಕಲಘಟಗಿ ಅಡವ್ಯಾಗ ಸಿಗತೈತಿ’ ಎನ್ನುತ್ತಾನೆ. ಅಲ್ಲಿಗೆ ಆ ವರ್ಷದ ಟ್ರಿಪ್ಪು ಹುಟ್ಟಿತು. ನವಲಗುಂದದಿಂದ ಹುಬ್ಬಳ್ಳಿ, ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರದವರೆಗೆ ನೂರರ ಆಸುಪಾಸು ಕಿಲೋಮೀಟರು. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಬರುವುದು. ಈ ಟ್ರಿಪ್ಪು ಮಾತ್ರ ಹೋಗುವುದಿಲ್ಲ. ಯಾಕೆಂದು ಕೇಳಿದರೆ, ಅವನು ಬರೀ ಬಾಯಿಬಡುಕ ಎಂದು ಊರವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ. ತಪ್ಪು ಅವನ ಬಾಯಲ್ಲಿಲ್ಲ, ಪಂಚಾಂಗದಲ್ಲಿದೆ.

ಹಾಗೆಂದು ಅವನ ಮೇಲಿನ ದೂರುಗಳೆಲ್ಲ ಸುಳ್ಳಲ್ಲ. ಲೆಕ್ಕ ಹಾಕುವ ಅವನ ಪರಿಯೊಂದೇ ಸಾಕು, ಎಂಥವರ ತಾಳ್ಮೆಯೂ ಕೆಡಲು. ಯಾಕೆಂದರೆ ಅವನು ಎಲೆಯಿಂದ ಹಿಂದಕ್ಕೆ ಎಣಿಸುತ್ತಾನೆ. ಎಲೆಗೆ ಬಣ್ಣ ಏರುವುದು ಎಳೆಬಿಸಿಲಿನಲ್ಲಿ, ಅಂದ ಮೇಲೆ ಹೊತ್ತು ಹುಟ್ಟುವಾಗ ಕಲಘಟಗಿ ದಾಟಿರಬೇಕು. ಕಲಘಟಗಿ ದಾಟಬೇಕಾದರೆ ಊರು ಬಿಡುವುದು ನಾಲ್ಕೂವರೆಗೆ, ಏಳುವುದು ಮೂರಕ್ಕೆ. ಮೂರಕ್ಕೆ ಏಳುವವರು ಎಂಟಕ್ಕೆ ಮಲಗಬೇಕು. ಎಂಟಕ್ಕೆ ಮಲಗಬೇಕಾದರೆ ಹದಿನೆಂಟು ಮಂದಿಯ ರೊಟ್ಟಿ ಸಂಜೆಯೊಳಗೆ ಬಡಿದು ಮುಗಿದಿರಬೇಕು. ರೊಟ್ಟಿಗೆ ಜೋಳ ಹಿಂದಿನ ದಿನವೇ ಬೀಸಿಸಿರಬೇಕು. ಗಿರಣಿ ತಿರುಗಲು ತ್ರೀಫೇಸ್ ಕರೆಂಟು ಬೇಕು. ಹೀಗೆ ಯಲ್ಲಾಪುರದ ಕಾಡಿನ ಎಲೆ ಸುತ್ತಿ ಸುತ್ತಿ ಬಂದು ಊರ ಲೈನ್‌ಮನ್ನನ ಕೈಗೆ ಸಿಗುತ್ತದೆ. ಇದನ್ನೆಲ್ಲ ಬೀಜದಂಗಡಿಯ ರಸೀದಿಯ ಬೆನ್ನಿಗೆ ಬರೆದು, ಅದರ ಕೆಳಗೆ ಕ್ರೂಸರ್ ಗಾಡಿಯ ನಕ್ಷೆ ತೆಗೆದು ಸೀಟು ಹಂಚಲಾಗುತ್ತದೆ. ಮೊಣಕಾಲು ನೋವಿನವರು ಮುಂದೆ, ವಾಂತಿ ಮಾಡುವ ಮಕ್ಕಳು ಕಿಟಕಿಗೆ, ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಸಂಭಾವಿತರು ಕಟ್ಟಕಡೆಗೆ ಸ್ಟೆಪ್ನಿಯ ಪಕ್ಕ. ಇಷ್ಟು ವಿವರ ಬಲ್ಲವನ ಹೆಸರೂ ಆ ರಸೀದಿಯಲ್ಲಿ, ಬಹುಶಃ ಸ್ಟೆಪ್ನಿಯ ಪಕ್ಕದಲ್ಲೇ, ಇದ್ದಿರಬೇಕೆಂದು ಓದುಗರು ಊಹಿಸಿದರೆ ಅಡ್ಡಿಯಿಲ್ಲ. ವಾದಕ್ಕೆ ಅದರಿಂದ ಬಾಧೆಯಿಲ್ಲ. ಊರು ಬದಲಾದಂತೆ ಯಜಮಾನನ ವರಸೆಯೂ ಬದಲಾಗುತ್ತದೆ. ಕುಂದಗೋಳದವನು ಸವಾಯಿ ಗಂಧರ್ವರ ಊರಿನವನಲ್ಲವೇ, ಎಲೆ ನೋಡುವಾಗ ಗಾಡಿಯಲ್ಲಿ ಯಾವ ರಾಗ ಹಚ್ಚಬೇಕೆಂಬ ಚರ್ಚೆಯಲ್ಲೇ ಒಂದು ವಾರ ಕಳೆಯುತ್ತಾನೆ. ಅಣ್ಣಿಗೇರಿಯವನು ಪಂಪನನ್ನೇ ಎಳೆದು ತರುತ್ತಾನೆ: ಕವಿಯ ತಾಯಿಯ ಕಡೆಯ ಬೇರು ನಮ್ಮೂರಿನದು, ಅವನು ಬನವಾಸಿಯನ್ನು ದೂರದಿಂದ ನೆನೆದೇ ದೊಡ್ಡವನಾದ, ನಾವೇನು ಹೋಗಲೇಬೇಕಂತ ಐತೇನು?

ಇನ್ನು ಪಂಚಾಂಗದ ಮಾತು. ಅಮೆರಿಕದ ಫೋಟೊ ಬರುವುದು ಆಶ್ವೀಜದಲ್ಲಿ. ಅವರ ಆ ಕಾಲಕ್ಕೆ ನಾವು ಶರತ್ಕಾಲ ಎಂದು ಹೆಸರಿಟ್ಟುಕೊಂಡಿದ್ದೇವೆ. ಮೋಸ ಶುರುವಾಗುವುದೇ ಇಲ್ಲಿ. ಚಳಿ ದೇಶದಲ್ಲಿ ಹಗಲು ಗಿಡ್ಡವಾಗಿ ಥಂಡಿ ಏರಿದಾಗ ಎಲೆಯ ಹಸಿರು ಕರಗುತ್ತದೆ, ಅಡಗಿದ್ದ ಹಳದಿ ಹೊರಬೀಳುತ್ತದೆ, ಕೆಲವು ಮರಗಳು ಎಲೆ ಉದುರಿಸುವ ಮುಂಚೆ ಕೆಂಪನ್ನೂ ಹೊಸದಾಗಿ ತಯಾರಿಸಿಕೊಳ್ಳುತ್ತವೆ. ನಮ್ಮ ಕಾಡಿಗೆ ಚಳಿಯ ಹೆದರಿಕೆಯಿಲ್ಲ, ಇರುವುದು ನೀರಿನ ಚಿಂತೆ. ಎಲೆಯಿದ್ದಷ್ಟೂ ನೀರು ಆವಿಯಾಗುತ್ತದೆಂದು ತೇಗ, ಮತ್ತಿ ಮರಗಳು ನೆಲ ಒಣಗಿದ ಮೇಲೆ, ಶಿಶಿರದ ಮಾಘ ಫಾಲ್ಗುಣಗಳಲ್ಲಿ ಎಲೆ ಕಳಚುತ್ತವೆ. ಆಶ್ವೀಜದಲ್ಲಿ ಕಲಘಟಗಿಯ ಅಡವಿ ಮಳೆ ಕುಡಿದು ಕಪ್ಪೇರುವಷ್ಟು ಹಸಿರಾಗಿರುತ್ತದೆ. ಅಲ್ಲಲ್ಲಿ ತೇಗದ ಎಲೆ ಕಂದಿದ್ದು ಕಂಡರೆ ಅದು ಋತುವಿನ ಸೊಬಗಲ್ಲ, ಹುಳದ ಊಟ. ನರ ಬಿಟ್ಟು ಉಳಿದದ್ದನ್ನೆಲ್ಲ ತಿಂದು ಎಲೆಯನ್ನು ಜರಡಿ ಮಾಡುವ ಕೀಟವೊಂದಿದೆ. ಇನ್ನೊಂದು ತಮಾಷೆಯೆಂದರೆ ನಮ್ಮ ಕಾಡಿನ ನಿಜವಾದ ಕೆಂಪು ಉದುರುವ ಎಲೆಯದಲ್ಲ, ಹುಟ್ಟುವ ಎಲೆಯದು. ಮಾರ್ಚಿನಲ್ಲಿ ಸಾಗಡೆ ಮರ ಚಿಗುರಿತೆಂದರೆ ದೂರದಿಂದ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಹಸಿರು ಇನ್ನೂ ತುಂಬದ ಎಳೆಯ ಎಲೆಗೆ ಬಿಸಿಲು ತಾಗದಂತೆ ಆ ಕೆಂಪೇ ಕೊಡೆ. ಅದೇ ಹೊತ್ತಿಗೆ ಮುತ್ತುಗವೂ ಎಲೆಯನ್ನೆಲ್ಲ ಕಳಚಿ ಹೂ ಹೊತ್ತು ನಿಂತಿರುತ್ತದೆ. ಮೇಪಲ್ಲಿನವರು ಮುದುಕ ಎಲೆ ನೋಡಲು ಹೋಗುತ್ತಾರೆ. ನಮ್ಮವನು ಹೋಗಬೇಕಾದದ್ದು ಕೂಸಿನ ಮುಖ ನೋಡಲು, ಅದೂ ಐದು ತಿಂಗಳು ತಡವಾಗಿ.

ಹಾಗಾದರೆ ಫಾಲ್ಗುಣದಲ್ಲೇ ಹೋಗಲಿ ಬಿಡಿ ಎಂದು ಯಾರಾದರೂ ಕೇಳಬಹುದು. ಕೇಳುವವರು ಎರೆ ಹೊಲದವರಾಗಿರಲಾರರು. ಹಿಂಗಾರಿಯ ಕಡಲೆ, ಬಿಳಿಜೋಳ, ಗೋಧಿ, ಕುಸುಬೆ ಎಲ್ಲ ಕೈಗೆ ಬರುವುದು ಅದೇ ಎರಡು ತಿಂಗಳಲ್ಲಿ. ಕಡಲೆಯದಂತೂ ವಿಶೇಷ. ಗಿಡ ಒಣಗಿದ ಮೇಲೆ ಇಬ್ಬನಿಯ ತೇವ ಆರುವ ಮೊದಲೇ ಕಿತ್ತು ಮುಗಿಸಬೇಕು. ಬಿಸಿಲೇರಿತೋ ಕಾಯಿ ಸಿಡಿದು ಕಾಳು ಎರೆಯ ಬಿರುಕಿಗೆ ಬೀಳುತ್ತದೆ. ಅಂದರೆ ಸಾಗಡೆಯ ಚಿಗುರಿಗೆ ಯಾವ ಎಳೆಬಿಸಿಲು ಬೇಕೋ ಅದೇ ಹೊತ್ತಿಗೆ ಯಜಮಾನನ ಎರಡೂ ಕೈ ಕಡಲೆಯ ಸಾಲಿನಲ್ಲಿರಬೇಕು. ಒಂದು ರವಿವಾರವಾದರೂ ಬಿಡುವಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ರಾಶಿ ಮಷಿನ್ನಿಗೆ ರವಿವಾರ ಗೊತ್ತಿಲ್ಲ. ಪಾಳಿ ತಪ್ಪಿದರೆ ಮತ್ತೆ ಯಾವಾಗ ಬರುತ್ತದೋ ಅದನ್ನು ಓಡಿಸುವವನಿಗೂ ಗೊತ್ತಿಲ್ಲ. ಹದಿನೆಂಟು ಮಂದಿಯಲ್ಲಿ ಒಬ್ಬನ ರಾಶಿ ಇವತ್ತು, ಇನ್ನೊಬ್ಬನದು ನಾಳೆ. ಮೂರನೆಯ ಆಕ್ಷೇಪ ಮನೆಯ ಒಳಗಿನಿಂದಲೇ ಬರುತ್ತದೆ, ಅದಕ್ಕೆ ಉತ್ತರ ಕೊಡುವ ಧೈರ್ಯ ಯಾವ ಯಜಮಾನನಿಗೂ ಇಲ್ಲ: ‘ಎಲಿ ನೋಡಾಕ ಡೀಸೆಲ್ ಯಾಕ ಸುಡ್ತಿ ತಮ್ಮಾ? ಹಿತ್ತಲದಾಗ ಬೇವಿನೆಲಿ ಮೊಣಕಾಲ ಮಟಾ ಬಿದ್ದಾವ. ಕಸಬರಗಿ ತಗೊಂಡ ಬಾ, ಕಣ್ತುಂಬ ನೋಡೀಯಂತ.’

ಆ ತಾಯಿಯ ತಲೆಮಾರಿಗೆ ಟ್ರಿಪ್ಪು ಗೊತ್ತಿರಲಿಲ್ಲವೆಂದಲ್ಲ. ಸೀಗಿ ಹುಣ್ಣಿಮೆಗೂ ಎಳ್ಳ ಅಮಾಸಿಗೂ ಊರಿಗೆ ಊರೇ ಹೊಲಕ್ಕೆ ಹೋಗುತ್ತಿತ್ತು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಗಾಡಿಯಲ್ಲಿ ಬುತ್ತಿ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗಿ, ಕರಿಗಡಬು. ಬೆಳೆಗೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಉಂಡು, ಹಸಿರನ್ನು ನೋಡುತ್ತ ಕೂತರೆ ಹೊತ್ತು ಮುಳುಗಿದ್ದು ತಿಳಿಯುತ್ತಿರಲಿಲ್ಲ. ಅದಕ್ಕೆ ರಸೀದಿಯ ಬೆನ್ನು ಬೇಕಿರಲಿಲ್ಲ. ದಿನ ಯಾವುದೆಂದು ಚಂದ್ರನೇ ಹೇಳುತ್ತಿದ್ದ, ಹೆಚ್ಚಿನ ಕೆಲಸವಿಲ್ಲದ ಸಂದು ನೋಡಿಯೇ ಹಿರಿಯರು ಹಬ್ಬ ಇಟ್ಟಿದ್ದರು. ಚರಗ ಈಗಲೂ ಇದೆ, ಟ್ರ್ಯಾಕ್ಟರಿನಲ್ಲಿ ಹೋಗಿ ತಾಸಿನೊಳಗೆ ಬರುತ್ತಾರೆ. ಯಜಮಾನನಿಗೆ ಕಾಡಿನ ಎಲೆಗಿಂತ ಹೆಚ್ಚಾಗಿ ಬೇಕಾಗಿರುವುದು ಹದಿನೆಂಟು ಮಂದಿ ಒಂದೇ ಗಾಡಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂರುವ ಒಂದು ದಿನ ಎಂಬ ಸಂಶಯ ಬರುತ್ತದೆ. ಹಾಗಿರದಿದ್ದರೆ ಹೋಗದ ಗಾಡಿಯ ಸೀಟಿಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಹತ್ತಿರ ಬಂದಂತೆ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನನ್ನು ಕೂಡಿಸುತ್ತಾರೆ. ಮದುವೆ, ಮಕ್ಕಳು, ನೌಕರಿ ಎಂದು ಹರಕೆ ಹೊತ್ತವರ ಗಾಡಿಗಳು ದೂರದೂರದಿಂದ ಬರುತ್ತವೆ. ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಕಡೆಯಿಂದಲೂ ಕ್ರೂಸರ್ ತುಂಬಿಕೊಂಡು ಬರುವವರಿರುತ್ತಾರೆ. ಅವರು ಹೊರಟು ಬಂದದ್ದು ಅದೇ ದಾರಿ, ಅದೇ ಫಾಲ್ಗುಣ, ಅದೇ ಎಳೆಬಿಸಿಲು. ಯಜಮಾನ ಕಡಲೆಯ ಹುಳಿ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಗಾಡಿಯ ಹತ್ತಿರ ಹೋಗುತ್ತಾನೆ. ‘ಅಣ್ಣಾರ, ಬರೂ ದಾರ್ಯಾಗ ಗಿಡಾ ಕೆಂಪಗ ಚಿಗತಿದ್ದುವೇನ್ರಿ?’

‘ಯಾರಿಗೆ ಗೊತ್ತರೀ, ಮೂರಕ್ಕ ಎದ್ದಿದ್ವಿ. ಹುಬ್ಬಳ್ಳಿ ಮಟಾ ಎಲ್ಲಾರೂ ನಿದ್ದಿನ ಹೊಡದೇವಿ.’