ಇರ್ಲಿ ಬಿಡು, ಬೇಕಾಕ್ಕೈತಿ

ಗೋಕಾಕದ ನಮ್ಮ ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ. ಆದರೂ ಹಬ್ಬ ಬಂತೆಂದರೆ ಅರ್ಧ ಕಿಲೋ ಕರದಂಟು ತರಿಸಲೇಬೇಕು. ಅಂಟು, ಉತ್ತತ್ತಿ, ಗೋಡಂಬಿ ಮೊಮ್ಮಕ್ಕಳ ಹೊಟ್ಟೆಗೆ; ಡಬ್ಬಿ ಅವಳ ಅಟ್ಟಕ್ಕೆ. ಡಬ್ಬಿ ಚೆಂದ ಇರದ ಅಂಗಡಿಯ ಕರದಂಟು ಎಷ್ಟೇ ರುಚಿಯಿದ್ದರೂ ಅವಳ ಲೆಕ್ಕದಲ್ಲಿ ಕಳಪೆ.

ಇಂಥ ಒಬ್ಬಳು ನಿಮ್ಮ ಮನೆಯಲ್ಲೂ ಇದ್ದಾಳೆ, ಸುಮ್ಮನೆ ನಗಬೇಡಿ. ಹಿತ್ತಲಿನ ತಂತಿಯ ಮೇಲೆ ತೊಳೆದ ಹಾಲಿನ ಪಾಕೀಟುಗಳು ಸಾಲಾಗಿ ಒಣಗುತ್ತಿರುತ್ತವೆ. ಹೊಸಬರು ಯಾವುದೋ ಜಾತ್ರೆಯ ಪರಪರಿ ಕಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಹುಕ್ಕೇರಿಯ ತಂಗಿ ಬರುವಾಗ ಹಳೆಯ ಕರೆಂಟು ಬಿಲ್ಲುಗಳ ಕಟ್ಟು ತರಬೇಕು. ಆ ತಾಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಅಲ್ಲಿಯದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೊಡ್ಡವ್ವನಿಗೆ ಆ ಇತಿಹಾಸ ಬೇಕಿಲ್ಲ. ಬಿಲ್ಲಿನ ಹಿಂಬದಿ ಕಿರಾಣಿ ಚೀಟಿ ಬರೆಯಲು ಬರುತ್ತದೆ, ಅಷ್ಟೇ.

ದೊಡ್ಡವ್ವನ ಅಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ. 1885ರಲ್ಲಿ ಶುರುವಾದ ಕಂಪನಿಯದು, ಊರಿಗೆಲ್ಲ ನೂಲು ತೆಗೆದ ಗಿರಣಿ ಅದು. ಆದರೆ ನೂಲು ತೆಗೆಯುವವನ ಮನೆಯಲ್ಲಿ ಅಂಗಿ ಮಾತ್ರ ಎಣಿಸಿದಷ್ಟೇ. ಅಪ್ಪನದು ಹರಿದರೆ ತಮ್ಮನಿಗೆ, ಅವನದೂ ಹರಿದರೆ ಕೌದಿಗೆ, ಕೌದಿ ಸವೆದರೆ ಒಲೆ ಮುಂದಿನ ಮಸಿ ಅರಿಬಿಗೆ. ಒಂದು ಬಟ್ಟೆಗೆ ನಾಲ್ಕು ಜನ್ಮ.

ಅವಳ ನಿಜವಾದ ಸಂಸ್ಥಾನ ಮಂಚದ ಕೆಳಗಿನ ಟ್ರಂಕು. ಅದರಲ್ಲಿ ಆಯೇರದ ಜಂಪರ್ ಪೀಸುಗಳು. ಇವನ್ನು ಯಾರೂ ಹೊಲಿಸುವುದಿಲ್ಲ. ಇವು ತಿರುಗಾಡಲಿಕ್ಕೆಂದೇ ಹುಟ್ಟಿದವು. ಗೋಕಾಕದಿಂದ ಮೂಡಲಗಿಯ ಕುಬಸಕ್ಕೆ, ಮೂಡಲಗಿಯಿಂದ ಹುಕ್ಕೇರಿಯ ವಾಸ್ತುಶಾಂತಿಗೆ, ಹುಕ್ಕೇರಿಯಿಂದ ಮತ್ತೆ ಗೋಕಾಕದ ಜಾವಳಕ್ಕೆ. ಕೊಟ್ಟವರಿಗೇ ತಿರುಗಿ ಹೋದರೆ ಮರ್ಯಾದೆ ಹೋಯಿತು, ಆದ್ದರಿಂದ ಯಾವುದು ಯಾರದು ಎಂಬ ಖಾತೆ ಪೂರ್ತಿ ಅವಳ ತಲೆಯಲ್ಲಿದೆ. ತುಸು ಗುಮಾನಿ ಬಂದ ಪೀಸಿನ ಮೂಲೆಗೆ ಅರಿಷಿಣದ ಬೆರಳು ಒತ್ತಿ ಕಳಿಸುತ್ತಾಳೆ. ಅಂಥ ಒಂದು ಹಸಿರು ಪೀಸು ಆರು ವರ್ಷದ ಮೇಲೆ, ಬೇರೊಬ್ಬರ ಮದುವೆಯಲ್ಲಿ, ಅವಳದೇ ಉಡಿಗೆ ಬಂದು ಬಿತ್ತು. ಸಿಟ್ಟಾದಳೇ? ತವರಿಗೆ ಬಂದ ಮಗಳನ್ನು ನೋಡಿದ ಹಾಗೆ ನೋಡಿದಳು. ತಿಳಿದವರು ಇದನ್ನು ಚಕ್ರೀಯ ಅರ್ಥವ್ಯವಸ್ಥೆ ಎನ್ನುತ್ತಾರೆ. ಇಲ್ಲಿ ಚಕ್ರವೇನೋ ಭರ್ತಿ ಇದೆ.

ಅವಳನ್ನು ಪರಿಸರವಾದಿ ಎಂದೀರಿ ಮತ್ತೆ. ಅಟ್ಟದ ಮೇಲೆ ಕೆಟ್ಟ ಮಿಕ್ಸರ್ ಮೂರಿವೆ. ರಿಪೇರಿಯವನು ಮೂರು ಸಲವೂ ‘ಹೊಸಾದು ತಗೊಳ್ರಿ’ ಎಂದಿದ್ದಾನೆ. ಇವಳು ಹೊಸದನ್ನೂ ಕೊಂಡಳು, ಹಳೆಯದನ್ನೂ ಇಟ್ಟಳು. ಅಲ್ಲಿನ ಜಿರಲೆಗಳಿಗೆ ಈಗ ಐದನೇ ತಲೆಮಾರು ನಡೆದಿರಬೇಕು. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ ಊರವರು ಕಂಡರೂ ಕಾಣದಂತಿದ್ದರು, ಇವಳೊಬ್ಬಳೇ ಗಾಬರಿಯಾದಳು: ಇನ್ನು ಸಿಗುವುದಿಲ್ಲವಲ್ಲ! ಸಂಗ್ರಹ ಎರಡು ಪಟ್ಟಾಯಿತು. 2022ರ ಜುಲೈ 1ಕ್ಕೆ ಒಮ್ಮೆ ಬಳಸಿ ಒಗೆಯುವ ಪ್ಲಾಸ್ಟಿಕ್ ದೇಶಕ್ಕೆಲ್ಲ ಬಂದ್ ಎಂದಾಗ, ‘ಒಮ್ಮೆ ಬಳಸಿ ಒಗಿಯೂದು ಅಂದ್ರ ಏನೋ?’ ಎಂದು ನನ್ನನ್ನು ಕೇಳಿದಳು. ನಿಜವಾಗಿಯೂ ತಿಳಿದಿರಲಿಲ್ಲ.

ಅವಳ ‘ಬೇಕಾಕ್ಕೈತಿ’ ದೊಡ್ಡ ಪ್ರಮಾಣದಲ್ಲಿ ಖರೆಯಾದದ್ದು ಒಂದೇ ಸಲ, 2019ರ ಆಗಸ್ಟಿನಲ್ಲಿ. ಘಟಪ್ರಭೆ ಲೋಳಸೂರ ಸೇತುವೆ ಮುಳುಗಿಸಿ ಊರೊಳಗೆ ಬಂದಾಗ, ಎತ್ತರದಲ್ಲಿದ್ದ ಇವಳ ಮನೆಗೆ ಬಂದ ಬೀಗರಿಗೆ ಕೌದಿ, ಹಳೆಯ ಸೀರೆ, ಡಬ್ಬಿ, ಬಾಟಲಿ ಎಲ್ಲ ಒಂದೇ ರಾತ್ರಿಯಲ್ಲಿ ಹೊರಬಿದ್ದವು. ಕಾಗದಪತ್ರ ಸುತ್ತಿಟ್ಟುಕೊಳ್ಳಲು ಹದಿನಾಲ್ಕು ಕ್ಯಾರಿಬ್ಯಾಗ್ ಕೊಟ್ಟಳು. ನೀರು ಇಳಿಯಿತು, ಜನ ಹೋದರು. ಸೀರೆ ಕೊಟ್ಟದ್ದನ್ನು ಅವಳು ಎಂದೂ ಆಡಿ ತೋರಿಸಿಲ್ಲ. ‘ಹದಿನಾಕ ಚೀಲಾ, ಒಂದರೇ ವಾಪಸ್ ಬಂತೇನು?’ ಎಂದು ಇಂದಿಗೂ ಕೇಳುತ್ತಾಳೆ.

ಶಾಲೆಯಲ್ಲಿ ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆ ಪಾಠ ಹೋದ ವರ್ಷ ದೊಡ್ಡವ್ವನ ಹೊಸ್ತಿಲು ದಾಟಿತು. ಐದನೆಯ ಇಯತ್ತೆಯ ಮೊಮ್ಮಗಳಿಗೆ ‘ಕಸದಿಂದ ರಸ’ ಎಂಬ ಪ್ರಾಜೆಕ್ಟು. ಮನೆಯ ಕಸ ತಂದು ಚೆಂದದ್ದೇನಾದರೂ ಮಾಡಬೇಕು.

‘ಆಯಿ, ಒಂದು ಹಳೇ ಬಾಟ್ಲಿ ಕೊಡು.’

‘ಅದರಾಗ ಒಳ್ಳೆಣ್ಣಿ ಐತೆವಾ.’

‘ಆ ಡಬ್ಬಿ?’

‘ಮೆಂತೆ ಐತಿ.’

‘ಪೇಪರ್?’

‘ಅದು ರದ್ದಿ. ರದ್ದಿ ಅಂದ್ರ ರೊಕ್ಕ.’

‘ಹಂಗಾರ ಈ ಮನ್ಯಾಗ ಕಸ ಅನ್ನೂದು ಯಾವದು?’

ದೊಡ್ಡವ್ವ ಬಹಳ ಹೊತ್ತು ಯೋಚಿಸಿದಳು. ‘ಅಂಗಳಾ ಬಳದದ್ದು. ಅದೂ ತಿಪ್ಪಿಗೆ ಹೊಕ್ಕೈತಿ.’

ಮೊಮ್ಮಗಳು ಅತ್ತಳು. ಸಂಜೆ ಅವರಪ್ಪ ಪೇಟೆಗೆ ಹೋಗಿ ಕಸ ಕೊಂಡು ತಂದ: ತಂಪು ಪಾನೀಯದ ಬಾಟಲಿ ನಾಲ್ಕು, ಥರ್ಮಾಕೋಲ್ ಹಾಳೆ ಎರಡು, ಮಿಂಚಿನ ಕಾಗದ, ಬಣ್ಣದ ಟೇಪು, ಅಂಟು. ಮುನ್ನೂರಾ ನಲವತ್ತು ರೂಪಾಯಿ. ಪಾನೀಯ ಕುಡಿದು ಮನೆಮಂದಿಗೆಲ್ಲ ನೆಗಡಿ. ಪ್ರಾಜೆಕ್ಟು ತಯಾರಾಯಿತು: ಗೋಕಾಕ ಫಾಲ್ಸು, ಮೇಲೊಂದು ತೂಗುಸೇತುವೆ, ಮಿಂಚಿನ ಕಾಗದದ ನೀರು. ಮೊದಲನೆಯ ಬಹುಮಾನ ಬಂತು, ಜೊತೆಗೆ ‘ಪರಿಸರ ಮಿತ್ರ’ ಎಂಬ ಪ್ರಮಾಣಪತ್ರ.

ವಾರದೊಳಗೆ ಫಾಲ್ಸು ಬತ್ತಿತು. ಬಾಟಲಿಗಳು ಅಡುಗೆಮನೆ ಸೇರಿದವು, ತೂಗುಸೇತುವೆಯ ಸುತಳಿ ಮಲ್ಲಿಗೆ ಬಳ್ಳಿಗೆ ಹೋಯಿತು. ಪ್ರಮಾಣಪತ್ರವನ್ನು ಮಾತ್ರ ದೊಡ್ಡವ್ವ ತಿರುವಿ ತಿರುವಿ ನೋಡಿ ಬೇಸರಪಟ್ಟಳು. ಶಾಲೆಯವರು ಲ್ಯಾಮಿನೇಶನ್ ಮಾಡಿಸಿಬಿಟ್ಟಿದ್ದರು, ಹಿಂದೆ ಪೆನ್ನು ಹತ್ತುವುದಿಲ್ಲ. ಆಮೇಲೆ ಅಂಗೈಯಿಂದ ಒಮ್ಮೆ ಒರೆಸಿ, ‘ಇರ್ಲಿ ಬಿಡು, ತೊಳೀಲಿಕ್ಕರೆ ಬರತೈತಿ’ ಎಂದು ಅದನ್ನು ಜ್ವಾಳದ ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಿದಳು.