ನಮ್ಮ ಕಡೆಯವರು

ಪರಸ್ಥಳಕ್ಕೆ ಕಾಲಿಟ್ಟ ಕೂಡಲೇ ನಮ್ಮ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಹುಡುಕುವುದು ನನ್ನ ಹೆಂಡತಿಯ ಹಳೆಯ ಚಟ. ಕಾಶಿಯಲ್ಲೂ ಗಂಗೆಗಿಂತ ಮೊದಲು ಅವಳ ಕಣ್ಣಿಗೆ ಬಿದ್ದವರು ತಿಪಟೂರಿನವರು. ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ದ್ವೀಪದಲ್ಲಿ ಯಾರು ಸಿಕ್ಕಾರು ಎಂದು ನಾನು ಧೈರ್ಯವಾಗಿದ್ದೆ. ಅಮೆರಿಕ 1917ರಲ್ಲಿ ಡೆನ್ಮಾರ್ಕಿಗೆ ಎರಡೂವರೆ ಕೋಟಿ ಡಾಲರ್ ತೆತ್ತು ಕೊಂಡ ದ್ವೀಪಗಳಲ್ಲಿ ಇದೂ ಒಂದು. ಅಮೆರಿಕದ್ದಾದರೂ ಗಾಡಿಗಳು ಓಡುವುದು ಎಡಗಡೆ. ಅದನ್ನು ಕಂಡೇ ಅವಳಿಗೆ ಅರ್ಧ ಊರು ಸಿಕ್ಕಷ್ಟು ಖುಷಿ.

ಟ್ರಂಕ್ ಬೇ ಕಡಲತೀರದಲ್ಲಿ ನೀರಿನೊಳಗೇ ಒಂದು ದಾರಿ ಮಾಡಿ, ಹವಳ ಮೀನುಗಳ ಪರಿಚಯದ ಫಲಕಗಳನ್ನು ತಳದಲ್ಲಿ ನೆಟ್ಟಿದ್ದಾರೆ. ಹವಳಕ್ಕೆ ಕೆಡುಕೆಂದು ಕೆಲವು ಬಗೆಯ ಸನ್‌ಸ್ಕ್ರೀನುಗಳನ್ನು 2020ರಿಂದ ಅಲ್ಲಿ ನಿಷೇಧಿಸಿರುವುದರಿಂದ, ಸತುವಿನ ಬಿಳಿ ಲೇಪ ಬಳಿದುಕೊಂಡು ಇಬ್ಬರೂ ಕಟ್ಟುವ ಮನೆಯ ದೃಷ್ಟಿಗೊಂಬೆಗಳಂತೆ ನೀರಿಗಿಳಿದೆವು. ಸ್ನಾರ್ಕೆಲ್ಲಿನಲ್ಲಿ ಮೂಗಿಗೆ ಬೀಗ, ಬಾಯಿಗೆ ಕೊಳವೆ. ನೋಡಿದ್ದನ್ನು ನೋಡಿದ ಕ್ಷಣವೇ ಹೇಳದೆ ಇರಲಾರದವಳಿಗೆ ಇದಕ್ಕಿಂತ ಶಿಕ್ಷೆಯಿಲ್ಲ. ಕೊಳವೆಯಿಂದ ‘ಊಂ ಊಂ’ ಎಂಬ ವರದಿ ಮಾತ್ರ ಬರುತ್ತಿತ್ತು.

ನನ್ನ ಕಿವಿ ಬೇರೆ ಕಡೆಗಿತ್ತು. ಯಾರೋ ಹುರಿಗಡಲೆ ಅಗಿಯುವ ಸದ್ದು! ಗಿಳಿಮೀನು, ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಪಾಚಿಯನ್ನು ಕೆರೆಯುತ್ತಿತ್ತು. ಪಾಚಿಯ ಜೊತೆ ಸತ್ತ ಹವಳದ ಚೂರೂ ಹೊಟ್ಟೆಗೆ ಹೋಗುತ್ತದೆ. ಗಂಟಲಿನ ಹಲ್ಲುಗಳಲ್ಲಿ ಅದು ನುಣ್ಣಗಾಗಿ, ಹಿಂದಿನ ಬಾಗಿಲಿನಿಂದ ಬೆಳ್ಳಗೆ ಹೊಗೆಯಾಡುತ್ತ ಹೊರಬೀಳುವುದನ್ನು ಕಣ್ಣಾರೆ ಕಂಡೆ. ಚಿತ್ರಪಟಗಳಲ್ಲಿ ಮಿನುಗುವ ಇಂಥ ತೀರಗಳ ಬಿಳಿ ಮರಳಿಗೆ ಈ ಮೀನಿನ ಕೊಡುಗೆ ದೊಡ್ಡದು. ರಂಗೋಲಿಗೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಹೆಂಡತಿ ಬೆಳಿಗ್ಗೆಯಷ್ಟೇ ಆ ಮರಳನ್ನು ಬೆರಳಲ್ಲಿ ಉದುರಿಸಿ ನೋಡಿದ್ದಳು. ನಾನು ಏನೂ ಹೇಳಲಿಲ್ಲ.

ಬಂಡೆಯ ಮರೆಯಲ್ಲಿ ಕೆಂಪು ಪಟ್ಟೆಯ ರೆಕ್ಕೆ ಬಿಚ್ಚಿಕೊಂಡು ಒಂದು ಸಿಂಹಮೀನು ನಿಂತಿತ್ತು. ಅದರ ತವರು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್. ಸಾಕಿದವರ ಗಾಜಿನ ತೊಟ್ಟಿಗಳಿಂದ ಅಟ್ಲಾಂಟಿಕ್ ಸೇರಿತೆನ್ನುತ್ತಾರೆ. ಈಗ ಇಲ್ಲಿನ ಮರಿಮೀನುಗಳನ್ನು ನುಂಗುತ್ತ ಹಾಯಾಗಿದೆ. ದಡದಲ್ಲಿ ಫಲಕ ಓದಿದ ಹೆಂಡತಿ, “ರೀ, ಇದು ನಮ್ಮ ಕಡೆಯದೇ!” ಎಂದು ಹಿಗ್ಗಿದಳು.

ನಿಜವಾದ ನೆಂಟನೂ ದಡದಲ್ಲೇ ಕಾದಿದ್ದ. ಪೊದೆಯಿಂದ ಸರಕ್ಕನೆ ಅಡ್ಡ ಬಂದದ್ದು ಮುಂಗುಸಿ. ಶುಭಶಕುನ! ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ಜಮೈಕಾದ ತೋಟದ ದೊರೆಯೊಬ್ಬ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದ. ಅವುಗಳ ಸಂತಾನವೇ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಆದರೆ ಇಲಿಯದು ರಾತ್ರಿಪಾಳಿ, ಮುಂಗುಸಿಯದು ಹಗಲುಪಾಳಿ. ಭೇಟಿಯೇ ಅಪರೂಪವಾದ ಮೇಲೆ ಮುಂಗುಸಿ ಕಡಲಾಮೆಯ ಮೊಟ್ಟೆಗೆ ಬಾಯಿ ಹಾಕಿತು. ಇಲಾಖೆಗಳನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಪ್ರಾಣಿಗಳಿಗೆ ತಿಂಡಿ ಕೊಡಬಾರದೆಂಬ ನಿಯಮವಿದೆ. ನಾವು ಕೊಡಲಿಲ್ಲ, ಅದೇ ಬಂದು ಚೀಲಕ್ಕೆ ಮೂತಿ ತೂರಿಸಿ ಒಂದು ಕೋಡುಬಳೆ ಕಚ್ಚಿತು. ಮರುಗಳಿಗೆಯಲ್ಲೇ ಅದನ್ನು ಉಗುಳಿ, ತಲೆ ಕೊಡವುತ್ತ ಪೊದೆಗೆ ಓಡಿತು. ನ್ಯೂಜೆರ್ಸಿಯಲ್ಲಿ ಹುಟ್ಟಿದ ನಮ್ಮ ಮೊಮ್ಮಗನೂ ಹೀಗೇ.

“ಪಾಪ, ನೂರೈವತ್ತು ವರ್ಷ ಆಯ್ತಲ್ಲ ರೀ ಬಂದು,” ಎಂದು ಹೆಂಡತಿ ಚೀಲದ ಜಿಪ್ಪು ಎಳೆದಳು. “ಖಾರದ ಅಭ್ಯಾಸ ತಪ್ಪಿಹೋಗಿದೆ.”